ಫೋನಿನಲ್ಲಿ ಕುರಿ ಕಾಯ್ದದ್ದು

ಇನ್ನು ಮೇಲೆ ಕುರಿ ಕಾಯುವುದಕ್ಕೆ ಕಾಲೂ ಬೇಡ, ಕೋಲೂ ಬೇಡ, ಕೈಯಲ್ಲೊಂದು ಫೋನಿದ್ದರೆ ಸಾಕು ಎಂದು ನಾನು ಜಗಲಿಯ ಮೇಲೆ ಕುಳಿತು ಘೋಷಿಸಿಬಿಟ್ಟೆ! ತಪ್ಪೇನು ಹೇಳಿ? ನಮ್ಮ ಮನೆಯ ರೇಡಿಯೋ, ಟಾರ್ಚು, ಗಡಿಯಾರ, ಕ್ಯಾಮೆರಾ, ಟೀವಿ, ಕೊನೆಗೆ ನಾನು ಮೀಸೆ ತಿದ್ದಿಕೊಳ್ಳುವ ಕನ್ನಡಿ ಕೂಡ ಅದೊಂದರೊಳಗೇ ಐಕ್ಯವಾಗಿದ್ದವು. ಇಷ್ಟೆಲ್ಲ ಅವತಾರ ಎತ್ತಿದ ಮಹಾಮಹಿಮನಿಗೆ ಕುರಿಗಾಹಿಯ ವೇಷ ಒಂದು ಭಾರವೇ?

ಕುರಿಗಳು ನನ್ನ ಹೆಂಡತಿ ಅನಸೂಯಳವು. ತವರಿನವರು ಮದುವೆಯಲ್ಲಿ ಕೊಟ್ಟ ಮರಿಗಳಿಂದ ಅವಳೇ ಬೆಳೆಸಿದ ಹಿಂಡು, ಅವಳ ಪ್ರಾಣ. ಬಾಯಿಗೆ ಕೈ ಅಡ್ಡ ಹಿಡಿದು ಅವಳೊಂದು ಕೂಗು ಹಾಕಿದರೆ ಎಲ್ಲಿದ್ದರೂ ಓಡಿ ಬರುತ್ತವೆ. ನಾನು ಗಂಟಲು ಹರಿದುಕೊಂಡರೂ ಒಂದೂ ತಲೆ ಎತ್ತುವುದಿಲ್ಲ. ಅಂಥ ಹಿಂಡನ್ನು ನನಗೊಪ್ಪಿಸಿ ಅವಳು ಬೆಳಗ್ಗೆ ತಾವರೆಕೆರೆಯ ತವರಿಗೆ ಹೊರಟಳು. ಸಂಜೆ ಬಸ್ಸಿಗೆ ವಾಪಸ್ಸು. ಬಸ್ ಹತ್ತುವಾಗ ಹೇಳಿದ್ದು ಇಷ್ಟೇ:

“ಒಂದು ಕುರಿ ಕಾಣೆಯಾದ್ರೂ ನಾನು ಬಂದ ಬಸ್ಸಿಗೇ ತವರಿಗೆ ಹೊಂಟೋಗ್ತೀನಿ. ಆಮ್ಯಾಕೆ ಆ ಫೋನ್ನೇ ಕಟ್ಕೊಂಡು ಬಾಳು.”

ನಾನು ಮನಸ್ಸಿನಲ್ಲೇ ನಕ್ಕೆ. ಅವಳ ಕೂಗನ್ನು ಹಿಂದಿನ ದಿನವೇ ಗುಟ್ಟಾಗಿ ರೆಕಾರ್ಡ್ ಮಾಡಿಟ್ಟುಕೊಂಡಿದ್ದೆ!

ಊರ ಹಿಂದಿನ ಬೀಳಿನಲ್ಲಿ ಕುರಿ ಬಿಟ್ಟು ಹೊಂಗೆ ಮರದಡಿ ಅಂಗಾತ ಮಲಗಿದೆ. ಮಧ್ಯಾಹ್ನ ಫೋನಿನ ಗುಂಡಿ ಒತ್ತಿದೆ. ಅನಸೂಯಳ ಕೂಗು ಹೊರಟದ್ದೇ ತಡ, ಇಡೀ ಹಿಂಡು ದೌಡಾಯಿಸಿ ಬಂದು ನನ್ನ ಸುತ್ತ ನಿಂತಿತು. ನನಗೆ ಕಿರೀಟವೊಂದು ಕಡಿಮೆ, ಅಷ್ಟೇ. ಅಲ್ಲಿಗೇ ಸುಮ್ಮನಿರಬೇಕಿತ್ತು. ಹೆಮ್ಮೆ ತಡೆಯಲಾಗಲಿಲ್ಲ. ಕೂಗಿನ ಸಮೇತ ಅದನ್ನೆಲ್ಲ ವಿಡಿಯೋ ಮಾಡಿ, “ಹೊಸ ಯುಗದ ಕುರಿಗಾಹಿ ಓಬಳರಾಜು” ಎಂದು ಬರೆದು ನಮ್ಮೂರಿನ ವಾಟ್ಸಾಪ್ ಗ್ರೂಪಿಗೆ ಬಿಟ್ಟೆ.

ಮೊದಲು ಬಸ್ಸು ನಿಲ್ಲುವ ಕಡೆಯ ದೊಡ್ಡರಂಗಪ್ಪನ ಮನೆಯಿಂದ ಅನಸೂಯ ಕೂಗಿದಳು. ಆಮೇಲೆ ಡೈರಿಯ ಕಡೆಯಿಂದ. ಆಮೇಲೆ ಬೀದಿ ಬೀದಿಯಿಂದ. ಕುರಿಗಳು ಕಿವಿ ನಿಮಿರಿಸಿ ಒಮ್ಮೆ ನನ್ನನ್ನು ನೋಡಿದವು, ಒಮ್ಮೆ ಊರನ್ನು ನೋಡಿದವು. ನನ್ನ ಬಗ್ಗೆ ಅವಕ್ಕೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಹಿಂಡು ದಿಕ್ಕಾಪಾಲಾಗಿ ಊರೊಳಗೆ ನುಗ್ಗಿತು.

ದೊಡ್ಡರಂಗಪ್ಪನಿಗೆ ಕಿವಿ ಮಂದ. ಫುಲ್ ವಾಲ್ಯೂಮಿನಲ್ಲಿ ನನ್ನ ವಿಡಿಯೋವನ್ನು ಮತ್ತೆ ಮತ್ತೆ ಹಾಕಿ ನೋಡುತ್ತಿದ್ದ. ಅವನ ನಡುಮನೆಯಲ್ಲಿ ಕಾಲಿಡಲು ಜಾಗವಿಲ್ಲ, ಒಂದು ಟಗರು ಮಂಚದ ಮೇಲೆ ಅವನ ಪಕ್ಕದಲ್ಲೇ ಕುಳಿತಿತ್ತು. ಟೀ ಅಂಗಡಿಯ ಪ್ರಸನ್ನ ಕುಮಾರ್ ವಿಡಿಯೋವನ್ನು ಸ್ಪೀಕರಿಗೇ ಹಾಕಿದ್ದ. ಪಕ್ಕದ ಮನೆ ರಾಮಾಂಜಿನಮ್ಮ ಅಂಗಳದಲ್ಲಿ ಕಡಲೆಕಾಯಿ ಒಣಹಾಕಿ ಫೋನ್ ನೋಡುತ್ತ ಕುಳಿತಿದ್ದಳು. ಅಲ್ಲಿ ಭರ್ಜರಿ ಪಂಕ್ತಿಭೋಜನ ನಡೆದಿತ್ತು.

ನಾನು ಬೆವರೊರೆಸಿಕೊಂಡು, ದಯವಿಟ್ಟು ಆ ವಿಡಿಯೋ ಯಾರೂ ಹಾಕಬೇಡಿ ಎಂದು ಗ್ರೂಪಿನಲ್ಲಿ ಕೈಮುಗಿದು ಬೇಡಿಕೊಂಡೆ. ಯಾವ ವಿಡಿಯೋ ಎಂದು ತಿಳಿಯಲು ಎಲ್ಲರೂ ಇನ್ನೊಮ್ಮೆ ಹಾಕಿ ನೋಡಿದರು! ಡಿಲೀಟ್ ಮಾಡುವಷ್ಟರಲ್ಲಿ ಅದು ಮಧುಗಿರಿ ದಾಟಿ ಪಾವಗಡಕ್ಕೂ ಹೋಗಿತ್ತು. ಅಲ್ಲಿನ ಕ್ಯಾತಗಾನಚೆರ್ಲಿನಿಂದ ನನ್ನ ಷಡ್ಡಕ ಫೋನ್ ಮಾಡಿ, ಸೋಲಾರ್ ಪ್ಲೇಟುಗಳ ನೆರಳಲ್ಲಿ ಮಲಗಿದ್ದ ಅವನ ಗೊರ್ರೆಗಳೂ, ಅಂದರೆ ಕುರಿಗಳೂ, ಆ ಕೂಗಿಗೆ ಎದ್ದು ಮನೆಗೆ ಬಂದುಬಿಟ್ಟಿವೆ, ಇದೇನು ಮಾಯೆ ಬಾವಾ ಎಂದು ವಿಚಾರಿಸಿದ.

ಅಷ್ಟರಲ್ಲಿ ಸಂಜೆಯ ಬಸ್ಸು ಬಂತು. ಇಳಿದ ಅನಸೂಯಳಿಗೆ ಕಂಡದ್ದು ದೊಡ್ಡರಂಗಪ್ಪನ ಕಿಟಕಿಯಿಂದ ಇಣುಕುತ್ತಿದ್ದ ಅವಳದೇ ಟಗರು. ಬಸ್ಸು ಇನ್ನೂ ಹೊರಟಿರಲಿಲ್ಲ.

ಅವಳು ಊರಿನ ಕಡೆ ತಿರುಗಿ, “ಎಲ್ರೂ ಒಂದು ಗಳಿಗೆ ಆ ಫೋನ್ ಬಾಯಿ ಮುಚ್ರಪ್ಪಾ” ಎಂದಳು. ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದಳು. ಬಾಗಿಲು ಬಾಗಿಲಿನಿಂದ ಕುರಿಗಳು ಕಡಲೆಕಾಯಿ ಮೆಲ್ಲುತ್ತ ಹೊರಬಂದು ಅವಳ ಹಿಂದೆ ಸಾಲು ಹಿಡಿದವು.

ಕುರಿರೊಪ್ಪದ ಬಾಗಿಲಲ್ಲಿ ನಿಂತು, ಒಂದೊಂದರ ಬೆನ್ನು ಮುಟ್ಟಿ ಎಣಿಸಿ ಒಳಗೆ ಬಿಟ್ಟಳು. ಒಂದೂ ಕಡಿಮೆಯಿಲ್ಲ. ಬದುಕಿದೆ ಎಂದುಕೊಂಡು, ನಾನೂ ತಲೆ ತಗ್ಗಿಸಿ ಕೊನೆಯ ಕುರಿಯ ಹಿಂದೆಯೇ ನುಸುಳಲು ನೋಡಿದೆ. ನನ್ನ ಬೆನ್ನ ಮೇಲೂ ಕೈ ಬಿತ್ತು. ಅನಸೂಯ ಎಣಿಕೆ ನಿಲ್ಲಿಸಿ, ಪಕ್ಕದ ಅಂಗಳದಲ್ಲಿ ನಿಂತಿದ್ದ ರಾಮಾಂಜಿನಮ್ಮನ ಕಡೆ ತಿರುಗಿದಳು.

“ಇದೊಂದು ನಮ್ದಲ್ಲ ಕಣಮ್ಮ. ಫೋಟೋ ತೆಗ್ದು ಗ್ರೂಪಿಗೆ ಹಾಕು, ಯಾರ್ದೋ ಅವ್ರು ಬಂದು ಹೊಡ್ಕೊಂಡೋಗ್ಲಿ.”