ಮಗಳ ಕಾಂಬಿನೇಶನ್

ಮಕ್ಕಳಿಗೆ ಸಬ್ಜೆಕ್ಟ್ ಆರಿಸಿಕೊಡುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಇಡೀ ಮಿಶಿಗನ್ನಿನಲ್ಲಿ ಇಲ್ಲವೆಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ. ಮೈಸೂರಿನಲ್ಲಿ ನಾನು ಪಿಯುಸಿ ಸೇರುವಾಗ ನಮ್ಮಪ್ಪನೇ ಒಳಗೆ ಹೋಗಿ ಪಿಸಿಎಂ ಆರಿಸಿ ಬಂದಿದ್ದರು. ನಾನು ಗೇಟಿನ ಹೊರಗೆ ಕಡಲೆಕಾಯಿ ತಿನ್ನುತ್ತಿದ್ದೆ. ಆ ಪುಣ್ಯದಿಂದಲೇ ಇಂಜಿನಿಯರ್ ಆಗಿ, ಇಲ್ಲಿನ ವಾರೆನ್ ಎಂಬ ಊರಿನಲ್ಲಿ ಕಾರಿನ ಬ್ರೇಕು ವಿನ್ಯಾಸ ಮಾಡುತ್ತಾ ಸುಖವಾಗಿದ್ದೆ.

2008ರಲ್ಲಿ, ಹನ್ನೊಂದನೇ ಕ್ಲಾಸಿಗೆ ಕಾಲಿಡಲಿದ್ದ ಮಗಳು ಸಹನಾ, ಫಿಸಿಕ್ಸ್ ಬಿಟ್ಟು ಮಡಕೆ ಮಾಡುವ ಕ್ಲಾಸ್ ತೆಗೆದುಕೊಳ್ಳುವುದಾಗಿ ಘೋಷಿಸಿದಳು.

"ಮಡಕೇನಾ?"

"ಇಟ್ಸ್ ಕಾಲ್ಡ್ ಸೆರಾಮಿಕ್ಸ್, ಅಪ್ಪಾ."

"ಒಂದು ಕ್ಲಾಸ್ ತಾನೆ, ತೊಗೊಳ್ಲಿ ಬಿಡಿ," ಎಂದಳು ಹೆಂಡತಿ ವೀಣಾ.

"ಒಂದ್ಸಲ ಫಿಸಿಕ್ಸ್ ಬಿಟ್ರೆ ಮುಗೀತು. ನಾಳೆ ಇವಳಿಗೆ ಕೆಲಸ ಬೇಡ್ವಾ? ಆರ್ಟ್ಸ್ ತೊಗೊಂಡ ನನ್ನ ಹಳೇ ಸ್ನೇಹಿತ ಸುರೇಶನ ಗತಿ ಏನಾಯ್ತು ಹೇಳು."

"ತಹಶೀಲ್ದಾರ್ ಆಗಿದಾರೆ. ಹೋದ್ಸಲ ಊರಿಗೆ ಹೋದಾಗ ನೀವೇ ಅವರ ಆಫೀಸ್ ಮುಂದೆ ಮಧ್ಯಾಹ್ನದವರೆಗೂ ಕಾದು ಬಂದ್ರಿ."

ಸುರೇಶ ಉದಾಹರಣೆಗೆ ಒದಗಲಿಲ್ಲ. ಮಕ್ಕಳ ಸಬ್ಜೆಕ್ಟ್ ಗೊತ್ತುಮಾಡುವ ಸ್ಕೂಲಿನ ಕೌನ್ಸೆಲರಮ್ಮನನ್ನೇ ಕಾಣಲು ಮಗಳೊಂದಿಗೆ ಹೊರಟೆ. ಅಡ್ಮಿಶನ್ನಿಗೆ ಸಲ್ಲಬೇಕಾದ ಮರ್ಯಾದೆಯಂತೆ ಸೂಟು, ಟೈ, ಕಿಂಡರ್‌ಗಾರ್ಟನ್ನಿನಿಂದ ಹಿಡಿದು ಲ್ಯಾಮಿನೇಟ್ ಮಾಡಿಸಿಟ್ಟಿದ್ದ ಅಂಕಪಟ್ಟಿಗಳು, ಒಂದು ಡಬ್ಬ ಮೈಸೂರುಪಾಕು. ಉಡುಗೊರೆ ತೆಗೆದುಕೊಳ್ಳುವಂತಿಲ್ಲ ಎಂದು ಆಕೆ ಡಬ್ಬವನ್ನು ಎರಡೇ ಬೆರಳಿನಿಂದ ನನ್ನತ್ತ ತಳ್ಳಿದರು. ನನ್ನ ಭಾಷಣವನ್ನೆಲ್ಲ ಕೇಳಿ, ಸಹನಾಳ ಕಡೆ ತಿರುಗಿ, ನಿನಗೇನು ಇಷ್ಟ ಎಂದರು. ಅಪ್ಪ ಎದುರಿಗೆ ಕೂತಿರುವಾಗ!

ಮಡಕೆ ಗೆದ್ದಿತು. ಹಿಡಿಸದಿದ್ದರೆ ಸ್ಕೂಲು ಶುರುವಾದ ಮೊದಲ ವಾರದಲ್ಲಿ ಬದಲಾಯಿಸಿಕೊಳ್ಳಬಹುದು ಎಂದು ಆಕೆ ನನಗೆ ಸಮಾಧಾನ ಹೇಳಿದರು. ಕಾಂಬಿನೇಶನ್ ಎಂದರೆ ತಾಳಿ ಕಟ್ಟಿದಂತೆ ಎಂದು ನಂಬಿ ಬೆಳೆದವನಿಗೆ ಇದು ಸ್ಕೂಲೋ ಚಪ್ಪಲಿ ಅಂಗಡಿಯೋ ತಿಳಿಯಲಿಲ್ಲ. ಮನೆಗೆ ಬಂದು ಒಂದು ವಾರ ಮಗಳ ಜೊತೆ ಮಾತು ಬಿಟ್ಟೆ. ಮೈಸೂರುಪಾಕನ್ನು ಒಬ್ಬನೇ ತಿಂದು ಮುಗಿಸಿದೆ.

ಆ ವರ್ಷ ಕಾರು ಕೊಳ್ಳುವವರಿಲ್ಲದೆ ಆಗಸ್ಟಿನಲ್ಲಿ ನನ್ನ ಕೆಲಸ ಹೋಯಿತು. ನಡುಹಗಲಿನಲ್ಲಿ ಆಫೀಸಿನ ಸಾಮಾನು ತುಂಬಿದ ರಟ್ಟಿನ ಪೆಟ್ಟಿಗೆ ಹಿಡಿದು ಮನೆಗೆ ಬಂದೆ. ಬಾಗಿಲು ತೆಗೆದ ಸಹನಾ ಪೆಟ್ಟಿಗೆ ನೋಡಿದಳು, ದಾರಿ ಬಿಟ್ಟಳು. ನಮ್ಮ ಬಡಾವಣೆಯಲ್ಲಿ ಹಗಲು ಹೊತ್ತು ಮನೆ ಮುಂದಿನ ಹುಲ್ಲು ಕತ್ತರಿಸುವ ಗಂಡಸರು ಆಗಲೇ ಹೆಚ್ಚಾಗಿದ್ದರು. ನಾನೂ ಸೇರಿಕೊಂಡೆ. ನಮ್ಮ ಬೀದಿ ಎಂದೂ ಅಷ್ಟು ಅಂದವಾಗಿರಲಿಲ್ಲ. ಡಿಯರ್‌ಬಾರ್ನಿನ ಕಾರು ಕಂಪನಿಯವರೆಗೂ ಅಪ್ಲೈ ಮಾಡಿದೆ, ಅಲ್ಲಿಯೂ ಜನರನ್ನು ತೆಗೆಯುತ್ತಿದ್ದರು. ನನಗೆ ನಿಜಕ್ಕೂ ಹೆದರಿಕೆಯಾಗಿತ್ತು. ಅದನ್ನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ, ಯಾರಿಗೂ ಹೇಳುವ ಅಗತ್ಯವೂ ಇರಲಿಲ್ಲ.

ಸ್ಕೂಲು ಶುರುವಾದ ಮೇಲೆ ಒಂದು ಸಂಜೆ ನೋಡಿದರೆ, ಊಟದ ಮೇಜಿನ ಮೇಲೆ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿಯ ದಪ್ಪ ಪುಸ್ತಕಗಳು.

"ಮಡಕೆ ಕ್ಲಾಸ್ ಏನಾಯ್ತು?"

"ಐ ಡ್ರಾಪ್ಡ್ ಇಟ್."

ತಾನೇ ಹೋಗಿ ಬದಲಾಯಿಸಿಕೊಂಡು ಬಂದಿದ್ದಳು. ನಾನು ಕುರ್ಚಿ ಎಳೆದು ಕೂತು ಮಡಕೆಯ ಪರ ವಕಾಲತ್ತು ಶುರುಮಾಡಿದೆ. ಮಡಕೆಯ ನೀರು ತಂಪು ಎಂದೆ. ಕುಂಬಾರನಿಲ್ಲದೆ ನಾಗರಿಕತೆಯೇ ಇಲ್ಲ ಎಂದೆ. ಬೇಕಾದರೆ ನಾಳೆಯೇ ಹೋಗಿ ಕೌನ್ಸೆಲರಮ್ಮನ ಕಾಲು ಹಿಡಿಯುತ್ತೇನೆ ಎಂದೆ. ಮೊದಲ ವಾರ ಮುಗಿದಿತ್ತು.

ಮಾತು ಕಲಿತಾಗಿನಿಂದ ನನಗೆ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟ ಹುಡುಗಿ, ಪುಸ್ತಕದಿಂದ ತಲೆ ಎತ್ತದೆ ಕನ್ನಡದಲ್ಲಿ ಹೇಳಿದಳು:

"ಡಾಕ್ಟರ್ಸ್‌ನ ಯಾರೂ ಕೆಲಸದಿಂದ ತೆಗಿಯಲ್ಲ ಅಪ್ಪಾ. ಮನೇಲಿ ಒಬ್ಬರಿಗಾದ್ರೂ ಕೆಲಸ ಇರಬೇಕಲ್ಲ."

ಅಡುಗೆಮನೆಯಲ್ಲಿ ವೀಣಾ ನಲ್ಲಿ ನಿಲ್ಲಿಸಿದಳು. ನಾನು ಕೇಳಿದ್ದು ಫಿಸಿಕ್ಸ್ ಒಂದನ್ನೇ. ಹುಡುಗಿ ಕೆಮಿಸ್ಟ್ರಿ, ಬಯಾಲಜಿಯನ್ನೂ ಸೇರಿಸಿ ಕೊಟ್ಟಿದ್ದಳು. ಇಷ್ಟು ಭರ್ಜರಿಯಾಗಿ ಗೆದ್ದ ತಂದೆಗೆ ಅವತ್ತು ಊಟ ಸೇರಲಿಲ್ಲ.