ಭಜಿ ಅಂಗಡಿ ಇಲ್ಲದ ಗುಡಿ

ನಮ್ಮ ಕಾಕಾ "ಬರೂ ರವಿವಾರ ಎಲ್ಲಾರೂ ಕೂಡಿ ಟ್ರಿಪ್ ಹೋಗೂಣು" ಎಂದರೆ ಸಾಕು, ಶನಿವಾರ ಸಂಜೆಯಿಂದಲೇ ನಮ್ಮ ಮನೆಯಲ್ಲಿ ಒಬ್ಬೊಬ್ಬರಿಗೂ ಜ್ವರ ಏರತೊಡಗುತ್ತದೆ. ಒಬ್ಬರಿಗೆ ಸೊಂಟ ಹಿಡಿಯುತ್ತದೆ, ಇನ್ನೊಬ್ಬರಿಗೆ ಎಂದೂ ನೆನಪಾಗದ ಗೆಳತಿಯ ಮಗುವಿನ ತೊಟ್ಟಿಲ ಕಾರ್ಯ ನೆನಪಾಗುತ್ತದೆ. ಕಾಕಾ ಕೆಟ್ಟವರೇನಲ್ಲ. ಕಾರು ಅವರದೇ, ಪೆಟ್ರೋಲೂ ಅವರದೇ, ದಾರಿಯಲ್ಲಿ ಕಬ್ಬಿನ ಹಾಲು ಕುಡಿಸುವವರೂ ಅವರೇ. ತಕರಾರು ಒಂದೇ. ಲೋಕದ ಜನರೆಲ್ಲ ನೋಡಲು ಹೋಗುವ ಯಾವ ಜಾಗಕ್ಕೂ ಅವರು ನಮ್ಮನ್ನು ಕರೆದುಕೊಂಡು ಹೋಗುವುದಿಲ್ಲ!

ಜಾಗ ಆರಿಸುವುದರಲ್ಲಿ ಅವರ ಅಳತೆಗೋಲು ಮಿರ್ಚಿ ಭಜಿ. ಭಜಿ ಅಂಗಡಿ ಕಂಡರೆ ಗಾಡಿ ನಿಲ್ಲುವುದಿಲ್ಲ. "ಭಜಿ ಕರಿಯೂ ವಾಸನಿ ಬಂತಂದ್ರ ಅಲ್ಲಿ ಮಂದಿ ಬಂದಾರ ಅಂತ ತಿಳಕೊ. ಮಂದಿ ಬಂದ ಮ್ಯಾಲೆ ಮುಗೀತು, ಆ ಜಾಗಾ ನಮ್ಮದಲ್ಲ" ಎನ್ನುತ್ತಾರೆ. ಧಾರವಾಡದವರಾಗಿ ಭಜಿಗೆ ಬೆನ್ನು ತಿರುಗಿಸುವ ಇನ್ನೊಬ್ಬ ಮನುಷ್ಯನನ್ನು ನಾನಂತೂ ಕಂಡಿಲ್ಲ. ಕೆರೆ ಕಾಲುವೆ ಅಳೆಯುವ ನೌಕರಿಯಲ್ಲಿ ಊರೂರು ತಿರುಗಿ ನಿವೃತ್ತರಾದವರು, ಹೀಗಾಗಿ ಡಾಂಬರು ಮುಗಿದ ಮೇಲೆ ಎಲ್ಲಿ ಏನಿದೆ ಎನ್ನುವುದು ಅವರಿಗೆ ಬಾಯಿಪಾಠ. ಸೂಡಿಯ ಕಲ್ಲಿನ ಬಾವಿ ತೋರಿಸಿದ್ದಾರೆ, ಗಳಗನಾಥದಲ್ಲಿ ಹೊಳೆಯ ದಂಡೆಯ ಗುಡಿ ತೋರಿಸಿದ್ದಾರೆ, ಹಲಸಿಯ ಹಳೇ ಗುಡಿಗಳನ್ನು ಮೂರು ಮಳೆಗಾಲ ತೋರಿಸಿದ್ದಾರೆ. ಜೋಗ ತೋರಿಸಿಲ್ಲ. ಹಂಪಿಯನ್ನು ಹೊಸಪೇಟೆಯ ಹೆದ್ದಾರಿಯಿಂದ ಬೆರಳು ಮಾಡಿ ತೋರಿಸಿದ್ದಾರೆ.

ನನ್ನ ಗಂಡ ಮೈಸೂರಿನವರು. ಮದುವೆಯಾದ ಹೊಸದರಲ್ಲಿ ಕಾಕಾ ಅವರನ್ನು "ಬದಾಮಿ ಕಡೆ ಹೋಗಿ ಬರೂಣು ನಡೀರಿ" ಎಂದು ಕರೆದರು. ಈ 'ಕಡೆ' ಎಂಬ ಮಾತಿನ ಅಪಾಯ ಪಾಪ ಇವರಿಗೇನು ಗೊತ್ತು? ಹೊಸ ಕ್ಯಾಮೆರಾ ಕೊಂಡರು, ಟೊಪ್ಪಿಗೆ ಕೊಂಡರು. ಕೆಂಪು ಬಂಡೆ ಕಂಡಿತು, ಗುಹೆಗಳ ದಾರಿ ತೋರಿಸುವ ಬೋರ್ಡು ಕಂಡಿತು, ಭಜಿಯ ವಾಸನೆಯೂ ಬಂತು. ಕಾರು ಮಾತ್ರ ನಿಲ್ಲಲಿಲ್ಲ.

"ಕಾಕಾ, ಬಾದಾಮಿ ಹಿಂದಕ್ಕೆ ಹೋಯ್ತಲ್ಲ" ಎಂದರು ಇವರು, ಕುತ್ತಿಗೆ ತಿರುಗಿಸಿ.

"ಅದೆಲ್ಲಿ ಹೊಕ್ಕೈತ್ರಿ ಅಳಿಯಂದ್ರ? ಇಷ್ಟು ವರ್ಷದಿಂದ ಅಲ್ಲೇ ಐತಿ. ಇನ್ನೊಮ್ಮಿ ನೋಡೂಣಂತ."

ನಾವು ಹೋಗಿ ಇಳಿದದ್ದು ಒಂದು ಜೋಳದ ಹೊಲದ ನಡುವೆ. ಜಾಲಿಕಂಟಿಯೊಳಗೆ ಒಂದು ಗುಡಿ, ಗುಡಿಯೊಳಗೆ ಒಂದು ಎಮ್ಮೆ. ಮೊದಲು ಎಮ್ಮೆ ಹೊರಗೆ ಬಂತು, ಆಮೇಲೆ ನಾವು ಒಳಗೆ ಹೋದೆವು.

ಒಳಗೆ ಹೋದ ಮೇಲೆ ಕಾಕಾ ಮಾಡುವ ಕೆಲಸ ಇನ್ನೂ ವಿಚಿತ್ರ. ಅವರು ಮೂರ್ತಿ ನೋಡುವುದಿಲ್ಲ, ಕೆತ್ತನೆ ನೋಡುವುದಿಲ್ಲ. ಚಪ್ಪಲಿ ಬಿಟ್ಟು ನಟ್ಟನಡುವಿನ ಮಂಟಪದಲ್ಲಿ ನಿಂತು, ಒಂದೇ ಒಂದು ಚಪ್ಪಾಳೆ ಹೊಡೆದು, ತಲೆ ವಾರೆ ಮಾಡಿ ಕಿವಿಗೊಡುತ್ತಾರೆ. ಬಾವಲಿಗಳು ಪಟಪಟನೆ ಹಾರುತ್ತವೆ. ಅವು ಮತ್ತೆ ಜೋತುಬಿದ್ದ ಮೇಲೆ ತೀರ್ಪು ಬರುತ್ತದೆ. "ಆಗೂದಿಲ್ಲ, ನಡೀರಿ" ಎಂದರೆ ಎಂಥ ಸುಂದರ ಗುಡಿಯಾದರೂ ವಾಪಸು. "ಛಲೋ ಐತಿ" ಎಂದರೆ ನಮ್ಮನ್ನೆಲ್ಲ ಹೊರಗೆ ಅಟ್ಟುತ್ತಾರೆ.

"ನೀವೆಲ್ಲಾ ಹಿಂದಿನ ಹೊಂಡಾ ನೋಡಕೊಂಡು ಸಾವಕಾಶ ಬರ್ರಿ. ನಿಮ್ಮ ಕಾಕೂಗ ಮೊಣಕಾಲು ನೋವು, ಆಕಿ ಇಲ್ಲೇ ಕುಂದರ್ತಾಳ."

ಕಾಕು ಎಂದರೆ ಕಾಕಾನ ಹೆಂಡತಿ. ಮೆತ್ತಗಿನ ಹೆಂಗಸು, ಮಾತು ಕಡಿಮೆ, ನಗು ಜಾಸ್ತಿ. ಕಂಬಕ್ಕೆ ಒರಗಿ ಕುಳಿತು ನಮ್ಮತ್ತ ಕೈ ಬೀಸುತ್ತಾರೆ. ನಾವು ಹೊಂಡ ನೋಡಲು ಹೋಗುತ್ತೇವೆ.

"ಹೊಂಡದಲ್ಲಿ ಒಂದು ಹನಿ ನೀರಿಲ್ಲ, ಏನು ಕಾಕಾ ನೋಡೋದು?" ಎಂದು ನನ್ನ ಗಂಡ ಆ ದಿನ ತಿರುಗಿ ಬಂದು ಕೇಳಿಯೇಬಿಟ್ಟರು.

"ನೀರಿದ್ರ ತಳಾ ಕಾಣತಿತ್ತೇನ್ರಿ? ಪುಣ್ಯಾ ಮಾಡೀರಿ, ಹೋಗಿ ಪೂರ್ತಿ ನೋಡ್ರಿ."

ಇವರು ಹೋಗಿ ಪೂರ್ತಿ ನೋಡಿದರು.

ಈ ಚಪ್ಪಾಳೆಯ ದೆಸೆಯಿಂದ ಒಮ್ಮೆ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಬೇಕಾಗಿತ್ತು, ಸ್ವಲ್ಪದರಲ್ಲಿ ತಪ್ಪಿತು. ನಮ್ಮ ಕಡೆ ಹಾಳುಗುಡಿಯೊಳಗೆ ಹೊಕ್ಕು ಗೋಡೆ ಕಂಬ ಬಡಿದು ನೋಡುವವರೆಂದರೆ ನಿಧಿ ಅಗೆಯುವ ಕಳ್ಳರೆಂದೇ ಲೆಕ್ಕ. ಹಾವೇರಿಯ ಆಚೆಗೊಂದು ಹಳ್ಳಿಯಲ್ಲಿ ಕಾಕಾ ಚಪ್ಪಾಳೆ ಹೊಡೆದು ಕಿವಿಗೊಟ್ಟು ನಿಂತಿದ್ದಾಗಲೇ ಅರ್ಧ ಊರು ಬಂದು ಬಾಗಿಲಿಗೆ ಅಡ್ಡ ನಿಂತಿತು.

"ಏನ್ ಹುಡುಕಾಕತ್ತೀರಿ ಯಜಮಾನ್ರ?" ಎಂದರು ರುಮಾಲು ಸುತ್ತಿದ ಹಿರಿಯರೊಬ್ಬರು.

"ಗದ್ಲಾ ಇರದಂಥಾ ಜಾಗಾ ಹುಡುಕಾಕತ್ತೇನ್ರಿ."

"ಇಲ್ಲಿ ಗದ್ಲಾನ ಇರಲಿಲ್ಲಲ್ರಿ. ನೀವು ಬಂದ ಮ್ಯಾಲೆನ ಚಪ್ಪಾಳಿ ಶುರುವಾತು."

ಊರವರು ಕಾರಿನ ಡಿಕ್ಕಿ ತೆಗೆಸಿ ನೋಡಿದರು. ಗುದ್ದಲಿ ಸಿಗಲಿಲ್ಲ, ರೊಟ್ಟಿಯ ಗಂಟು, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ಕೆನೆ ಮೊಸರು ಸಿಕ್ಕಿತು. ಕಾಕು ಅಲ್ಲೇ ಬಿಚ್ಚಿ ಎಲ್ಲರಿಗೂ ಬಡಿಸಿದರು. ಇಂಥ ಹಿಂಡಿ ಮಾಡುವ ಮನೆಯವರು ಕಳ್ಳರಾಗಿರಲು ಸಾಧ್ಯವಿಲ್ಲವೆಂದು ಊರು ಒಪ್ಪಿತು. ಹಿರಿಯರು ಚಹಾ ಕುಡಿಸಿ, ಇನ್ನೂ ಹಾಳಾದ ಗುಡಿಯೊಂದರ ದಾರಿ ಹೇಳಿ ಕಳಿಸಿದರು. ಆ ಗುಡಿಗೂ ಹೋದೆವು ಎಂದು ಬೇರೆ ಹೇಳಬೇಕೆ?

ಕಾಕುವಿನ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಅವರು ಮದುವೆಗೆ ಮುಂಚೆ ವರ್ಷಗಟ್ಟಲೆ ಸಂಗೀತ ಕಲಿತವರು. ಧಾರವಾಡದ ಸಂಗತಿ ನಿಮಗೆ ಗೊತ್ತಲ್ಲ, ಗಲ್ಲಿಗೊಬ್ಬರು ಹಾಡುವವರಿದ್ದರೆ ಮನೆಗೊಬ್ಬರು ತಪ್ಪು ಹಿಡಿಯುವವರು. ಹೊಸ ಸೊಸೆಯಾಗಿ ಬಂದಾಗ ಓಣಿಯ ಗಣಪತಿಯ ಮುಂದೆ ಹಾಡಲು ಕೂರಿಸಿದರಂತೆ. ಮುಂದಿನ ಸಾಲಿನಲ್ಲಿ ಕಣ್ಣು ಮುಚ್ಚಿ ತಲೆದೂಗಲು ತಯಾರಾಗಿ ಕುಳಿತಿದ್ದ ಓಣಿಯ ಹಿರಿಯರನ್ನು ಕಂಡು ಕಾಕು ಬೆದರಿಬಿಟ್ಟರು. ದನಿಯೇ ಹೊರಡಲಿಲ್ಲ. ಯಾರೋ ನಕ್ಕರು. ಅಂದಿನಿಂದ ಅವರು ಹಾಡಿದ್ದನ್ನು ನಾವು ಯಾರೂ ಕೇಳಿರಲಿಲ್ಲ. ಒತ್ತೊತ್ತಾಗಿ ಮನೆಗಳಿರುವ ಓಣಿಯದು. ಇಲ್ಲಿ ಸೀನಿದರೆ ಪಕ್ಕದ ಮನೆಯವರು ಕಷಾಯ ಹೇಳುತ್ತಾರೆ, ಹಾಡಿದರೆ ಬಿಡುತ್ತಾರೆಯೇ? ತಂಬೂರಿ ಗವಸು ಹಾಕಿಕೊಂಡು ಗೋಡೆಗೆ ಆನಿಕೊಂಡಿದೆ, ಅಷ್ಟೇ.

ಹೀಗಿರುವಾಗ ಕಾಕಾನ ಮನಸ್ಸಿಗೆ ಒಪ್ಪುವ ಜಾಗವೊಂದು ಸಿಕ್ಕಿತು. ಕೆರೆಯ ದಂಡೆಯ ಮೇಲೆ ಕರಿಕಲ್ಲಿನ ಗುಡಿ, ಕೆರೆಯ ತುಂಬ ತಾವರೆ. ಚಪ್ಪಾಳೆ ಹೊಡೆದಾಗ ದನಿ ದುಂಡಗೆ ತಿರುಗಿ ಬಂತು. ಕಾಕಾನ ಮುಖ ನೋಡಬೇಕಿತ್ತು! ವರ್ಷವಿಡೀ ಬೇರೆ ಎಲ್ಲೂ ಹೋಗಲಿಲ್ಲ, ಅದೇ ಗುಡಿ, ಅದೇ ಕಂಬ. ಗುಡಿಯ ಹಿಂದಿದ್ದ ಬಾವಿಯ ಮೆಟ್ಟಿಲುಗಳೆಲ್ಲ ನಮಗೆ ನೆಂಟರಂತಾಗಿ ಹೋದವು.

ನನ್ನ ಗಂಡ ಆ ತಾವರೆಗಳದೊಂದು ರೀಲು ಮಾಡಿ, ಊರಿನ ಹೆಸರು ಸಮೇತ ಮೊಬೈಲಿನಲ್ಲಿ ಹಾಕಿದರು. ಹಿಂದೆ ಕೊಳಲಿನ ಸಂಗೀತ ಬೇರೆ. ಮುಂದಿನ ಸಲ ಹೋದಾಗ ದಾರಿಯುದ್ದಕ್ಕೂ ಕಾರು. ಗುಡಿಯ ಮೆಟ್ಟಿಲ ಮೇಲೆ ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳುವ ಜೋಡಿ, ಹುಡುಗಿಯ ಸೆರಗು ಹಾರಿಸಲೆಂದೇ ಒಬ್ಬ ಮನುಷ್ಯ. ಒಳಗೆ ಡಬ್ಬಿಯಂಥ ಸ್ಪೀಕರಿನಲ್ಲಿ ಹಾಡು. ಆಲದ ಮರದ ಕೆಳಗೆ, ನೀವು ಊಹಿಸಿದ್ದೇ ಸರಿ, ಭಜಿ ಅಂಗಡಿ.

ಕಾಕಾ ಕಾರಿನಿಂದ ಇಳಿಯಲಿಲ್ಲ. ಸ್ಟಿಯರಿಂಗ್ ಹಿಡಿದೇ ಕುಳಿತರು. ಬೈದಿದ್ದರೆ ಚೆನ್ನಾಗಿತ್ತು. "ನೋಡಿದ್ರಾ ಕಾಕಾ, ನನ್ನಿಂದ ಊರಿಗೆ ವ್ಯಾಪಾರ ಬಂತು" ಎಂದು ನನ್ನ ಗಂಡ ಹುರುಪಿನಿಂದ ಭಜಿ ತಂದರು. ಕಾಕಾ ಮುಟ್ಟಲಿಲ್ಲ. ಕಾಕು ಒಂದು ತಿಂದು, "ಭಾಳ ರುಚಿ ಆಗ್ಯಾವ್ರಿ. ನೀವು ಮನಸಿಗೆ ಹಚಗೋಬ್ಯಾಡ್ರಿ, ಮನೀಗೆ ಹೋಗೂಣು ನಡೀರಿ" ಎಂದು ಗಂಡನ ತೋಳು ಸವರಿದರು.

"ಇನ್ನೊಂದು ಇಂಥಾ ಜಾಗಾ ಎಲ್ಲಿ ಹುಡುಕಲಿ ನಾ?" ಎಂದಷ್ಟೇ ಅಂದರು ಕಾಕಾ. ಒಂದು ಹಾಳುಗುಡಿಗಾಗಿ ಇಷ್ಟು ಮುನಿಸೇ ಎಂದು ನನಗೂ ಸ್ವಲ್ಪ ಸಿಟ್ಟು ಬಂತು.

ಆಮೇಲೆ ಎಷ್ಟೋ ರವಿವಾರ ಅವರು ಒಬ್ಬರೇ ಕಾರು ತೆಗೆದುಕೊಂಡು ಹೋಗಿ ಮುಖ ಸಪ್ಪಗೆ ಮಾಡಿಕೊಂಡು ಬಂದರು. ಮಳೆಗಾಲ ಮುಗಿದ ಮೇಲೆ ಒಂದು ಬೆಳಿಗ್ಗೆ ಫೋನು ಬಂತು. "ಸಿಕ್ಕೈತಿ. ಅಳಿಯಂದ್ರನ್ನೂ ಕರಕೊಂಡು ಬಾ. ಮೊಬೈಲ್ ತರಬ್ಯಾಡ ಅಂತ ಹೇಳು." ಇವರು ತಂದೇ ತಂದರು.

ಉಪ್ಪಿನಬೆಟಗೇರಿ ದಾಟಿ... ಇಲ್ಲ, ಅದು ಬೇಡ. ಎಲ್ಲೋ ದಾಟಿ ಹೋದೆವು ಎಂದಿಟ್ಟುಕೊಳ್ಳಿ. ಸಣ್ಣ ಗುಡಿ, ಸೂರಿನ ಮೇಲೆ ಹುಲ್ಲು. ಚಪ್ಪಾಳೆ, ಬಾವಲಿ, "ಛಲೋ ಐತಿ." ನಾವು ಅಭ್ಯಾಸದ ಪ್ರಕಾರ ಬಾವಿ ನೋಡಲು ಹೊರಟೆವು. ಅರ್ಧ ದಾರಿಯಲ್ಲಿ ಬಿಸಿಲಿಗೆ ಕಣ್ಣು ಕುಕ್ಕಿ, ಕಾರಿನಲ್ಲಿ ಬಿಟ್ಟ ಕೊಡೆ ತರಲು ನಾನೊಬ್ಬಳೇ ಹಿಂದಿರುಗಿದೆ.

ಗುಡಿಯೊಳಗಿಂದ ದನಿ ಬರುತ್ತಿತ್ತು. ಮಾತಿಲ್ಲದ ಆಲಾಪ, ತಗ್ಗಿನಿಂದ ನಿಧಾನವಾಗಿ ಮೇಲೇರಿ, ಕಲ್ಲಿಗೆ ತಾಗಿ ಇಮ್ಮಡಿಯಾಗಿ ತಿರುಗಿ ಬರುವ ದನಿ. ಅಷ್ಟು ತುಂಬಿದ ದನಿ ಆ ಮೆತ್ತಗಿನ ಮೈಯಲ್ಲಿ ಇಷ್ಟು ವರ್ಷ ಎಲ್ಲಿತ್ತೋ! ಕಾಕಾ ಒಳಗೆ ಇರಲಿಲ್ಲ. ಹೊರಗಿನ ಕಟ್ಟೆಯ ಮೇಲೆ, ಬಾಗಿಲಿಗೆ ಬೆನ್ನು ಮಾಡಿ, ಕೈಯಲ್ಲೊಂದು ಜಾಲಿಯ ಕೋಲು ಹಿಡಿದು ಕುಳಿತಿದ್ದರು. ನನ್ನನ್ನು ಕಂಡವರೇ ತುಟಿಯ ಮೇಲೆ ಬೆರಳಿಟ್ಟರು.

"ಸಪ್ಪಳಾ ಮಾಡಬ್ಯಾಡ. ಯಾರರ ಅದಾರ ಅಂತ ಗೊತ್ತಾದ್ರ ನಿಲ್ಲಸ್ತಾಳ."

"ನೀವು ಒಳಗ ಕುಂತು ಕೇಳಬಾರದೇನು ಕಾಕಾ?" ಎಂದು ಪಿಸುಗುಟ್ಟಿದೆ.

"ನಾ ಕುಂತ್ರೂ ದನಿ ಬರೂದಿಲ್ಲವಾ ಆಕಿಗೆ. ಅದಕ್ಕ ನಾ ಹೊರಗ ಕುಂತು ಆಡಾ ಒಳಗ ಬರದಂಗ ಹೊಡಿತೇನಿ ಅಂತ ಹೇಳಿ ಬರ್ತೇನಿ." ಕೋಲನ್ನು ಸುಮ್ಮನೆ ನೆಲಕ್ಕೆ ತಾಗಿಸಿದರು. ಆಸುಪಾಸಿನಲ್ಲಿ ಒಂದು ಆಡೂ ಇರಲಿಲ್ಲ. "ಇಷ್ಟು ವರ್ಷಾತು, ಹಿಂಗ ಬೆನ್ನು ಮಾಡಿನ ಕೇಳೇನಿ" ಎಂದರು. ಕಣ್ಣು ತುಂಬಿದ್ದವು, ಮುಖ ಮಾತ್ರ ಗಣಪತಿಯ ಮುಂದಿನ ಸಾಲಿನಲ್ಲಿ ಕುಳಿತವರಂತೆ ಅರಳಿತ್ತು. ನನಗೂ ಅಳು ಬಂತು, ಕೊಡೆ ಮರೆತುಹೋಯಿತು.

ಅಷ್ಟರಲ್ಲಿ ನನ್ನನ್ನು ಹುಡುಕಿಕೊಂಡು ಇವರು ಬಂದರು, ಕೈಯಲ್ಲಿ ಮೊಬೈಲು ಎತ್ತಿ ಹಿಡಿದು. ದನಿ ಕೇಳಿ ನಿಂತರು. ಕಾಕಾನ ಬೆನ್ನು ನೋಡಿದರು, ನನ್ನ ಮುಖ ನೋಡಿದರು. ಮೊಬೈಲನ್ನು ಜೇಬಿಗೆ ಹಾಕಿ, ಅಲ್ಲೇ ಬಿದ್ದಿದ್ದ ಒಂದು ಕೋಲು ಎತ್ತಿಕೊಂಡು, ಸದ್ದಿಲ್ಲದೆ ಹೋಗಿ ಗುಡಿಯ ಹಿಂಬದಿಗೆ ಬೆನ್ನು ಮಾಡಿ ಕುಳಿತರು. ಈಗ ಇಲ್ಲದ ಆಡುಗಳನ್ನು ಕಾಯಲು ಇಬ್ಬರು.

ಆ ಗುಡಿ ಯಾವ ಊರಲ್ಲಿದೆ ಎಂದು ಮಾತ್ರ ನನ್ನನ್ನು ಕೇಳಬೇಡಿ. ನೀವು ಜೋಗಕ್ಕೆ ಹೋಗಿ ಬನ್ನಿ, ತುಂಬಾ ಚೆನ್ನಾಗಿದೆಯಂತೆ. ಭಜಿಯೂ ಸಿಗುತ್ತದೆ.