ಕಪಾಟಿನೊಳಗಿನ ಎಂಟು ಬೆಲ್ಟು

ಎಂಬತ್ತು ಮೀಟರ್ ಎತ್ತರದಲ್ಲಿ ನಗುವಂಥದ್ದು ಏನಿರುತ್ತದೆ ಎಂದು ಕೇಳುವವರು ನಮ್ಮ ಸಾಹೇಬರ ಕೈಕೆಳಗೆ ಕೆಲಸ ಮಾಡಿದವರಲ್ಲ. ಹುನಗುಂದದ ಆಚೆ ಗುಡ್ಡದ ಮೇಲೆ ಗಾಳಿಯಿಂದ ಕರೆಂಟು ಮಾಡುವ ಫ್ಯಾನುಗಳು ಸಾಲಾಗಿ ನಿಂತಿವೆ. ಅವುಗಳ ರಿಪೇರಿ ನನ್ನ ಕೆಲಸ. ಹನ್ನೊಂದು ವರ್ಷವಾಯಿತು. ಈ ಹನ್ನೊಂದು ವರ್ಷದಲ್ಲಿ ಮುಂದೆ ಹೇಳುವಂಥವು ಎಷ್ಟು ನಡೆದಿವೆಯೋ ಲೆಕ್ಕ ಇಟ್ಟಿಲ್ಲ. ಕೇಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಾನೂ ನಗುತ್ತೇನೆ, ಹಲ್ಲು ಕಡಿಯುತ್ತ.

ನಾವು ಕೆಲಸಗಾರರು ಏಳು ಮಂದಿ. ಮೇಲೆ ಒಬ್ಬನೇ ಹೋಗಬಾರದು ಎಂಬುದು ನಿಯಮ, ಹಾಗಾಗಿ ಎಲ್ಲರಿಗೂ ಒಬ್ಬ ಜೋಡಿದಾರ ಇರುತ್ತಾನೆ. ನನ್ನ ಜೋಡಿದಾರ ಇಳಕಲ್ಲಿನ ಸಾಬರ ಹುಡುಗ. ಹುಡುಗ ಅಂದೆ, ಈಗ ಅವನ ಮಗಳೇ ಕಾಲೇಜಿಗೆ ಹೋಗುತ್ತಾಳೆ. ಅವರಪ್ಪ ಕೊನೆಯವರೆಗೂ ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ಕೂತವರು. "ನಮ್ಮಪ್ಪ ತೆಗ್ಗಿನ್ಯಾಗ ದುಡದ, ನಾ ಮುಗಲಾಗ ದುಡೀತೇನಿ" ಎನ್ನುತ್ತಾನೆ. ನಮ್ಮೆಲ್ಲರ ಮೇಲೆ ಸೈಟಿನ ಇನ್‌ಚಾರ್ಜ್ ಸಾಹೇಬರು. ದಕ್ಷಿಣದ ಕಡೆಯವರು, ಅಚ್ಚು ಹಾಕಿದಂತೆ ಮಾತಾಡುವವರು. ಸಾಹೇಬರಿಗಿಂತ ಮೇಲೆ ಇದ್ದದ್ದು ಅವರ ಕಪಾಟು.

ಕ್ರಾಸಿನಲ್ಲಿ ಸಿಕ್ಕ ರೆಕ್ಕೆ

ಒಂದು ಫ್ಯಾನಿನ ರೆಕ್ಕೆ ಬಿರುಕು ಬಿಟ್ಟಿತು. ಹೊಸ ರೆಕ್ಕೆ ಉದ್ದನೆಯ ಲಾರಿಯ ಮೇಲೆ ಬಂತು. ರೆಕ್ಕೆ ಎಂದರೆ ಕೈಯಗಲದ್ದಲ್ಲ. ಲಾರಿಯ ತಲೆ ಒಂದು ಓಣಿಯಲ್ಲಿದ್ದರೆ ಬಾಲ ಇನ್ನೊಂದು ಓಣಿಯಲ್ಲಿರುತ್ತದೆ. ಮುಂದೆ ಹಿಂದೆ ಕೆಂಪು ಬಾವುಟ ಹಿಡಿದವರು ಇದ್ದು ಜನರನ್ನು ದೂರ ಸರಿಸಬೇಕು. ನಾವಿಬ್ಬರೂ ಆ ಕೆಲಸಕ್ಕೆ ಕುಳಗೇರಿ ಕ್ರಾಸಿಗೆ ಹೋದೆವು. ಬಾವುಟ ಇರಲಿಲ್ಲ. ಫೋನು ಮಾಡಿ ಕೇಳಿದರೆ ಸಾಹೇಬರು, "ಬಾವುಟ ಕಪಾಟಿನಲ್ಲಿ ಭದ್ರವಾಗಿದೆ. ಬಿಸಿಲಿಗೆ ಬಣ್ಣ ಹೋಗುತ್ತೆ, ಈಗ ಹಾಗೇ ನಿಭಾಯಿಸಿ" ಎಂದರು.

ಜೋಡಿದಾರ ಬಸ್ಸಿಗೆ ಕಾಯುತ್ತಿದ್ದ ಒಬ್ಬ ಮುದುಕಪ್ಪನ ಕೆಂಪು ಟವೆಲ್ಲು ಬೇಡಿ ತಂದು ಬೀಸಿದ. ಜನ ದೂರ ಸರಿಯುವುದು ಬಿಟ್ಟು ಏನು ಮಾರುತ್ತಿದ್ದಾನೆ ನೋಡೋಣವೆಂದು ಹತ್ತಿರ ಬಂದರು. ಲಾರಿ ತಿರುಗಿತು. ಹಿಂದಿನ ಬಾಲ ಚಹಾದಂಗಡಿಯ ತಗಡನ್ನು ಸವರಿಕೊಂಡು ಎತ್ತಿ ರಸ್ತೆಗೆ ಒಗೆಯಿತು. ಅದರ ಕೆಳಗಿನ ಬೆಂಚಿನಿಂದ ನಾಲ್ಕು ಮಂದಿ ಆಗಷ್ಟೇ ಎದ್ದಿದ್ದರು, ಅದೂ ಟವೆಲ್ಲು ನೋಡಲಿಕ್ಕೆ. ಚಹಾದಂಗಡಿಯವ ಕೈಯಲ್ಲಿ ಜರಡಿ ಹಿಡಿದುಕೊಂಡು ಬರೀ ಆಕಾಶ ನೋಡಿದ.

"ಫ್ಯಾನ್ ಹಚ್ಚೂಕಿಂತ ಮೊದಲ ನನ್ನ ಅಂಗಡಿಗೆ ಗಾಳಿ ಬಿಟ್ರೆಲ್ರಿ" ಅಂದ.

ಹೊಸದರಂತೆ ಇಟ್ಟದ್ದು

ಆ ಕಪಾಟಿನಲ್ಲಿ ಬಾವುಟದ ಜೊತೆ ಎಂಟು ಹೊಸ ಬೆಲ್ಟುಗಳಿದ್ದವು. ಬೆಲ್ಟು ಎಂದರೆ ಸೊಂಟದ್ದಲ್ಲ. ತೊಡೆ, ಎದೆ, ಭುಜ ಎಲ್ಲ ಸೇರಿಸಿ ಕಟ್ಟಿಕೊಳ್ಳುವ ಪಟ್ಟಿಗಳು, ಬಿದ್ದರೆ ಹಿಡಿಯುವಂಥವು. ಜೊತೆಗೆ ಮೇಲೆ ಸಿಕ್ಕಿಬಿದ್ದವರನ್ನು ಹಗ್ಗದ ಮೇಲೆ ಮೆಲ್ಲಗೆ ಇಳಿಸುವ ಒಂದು ಕಿಟ್ಟು, ಸೀಲು ಮಾಡಿದ ಚೀಲದಲ್ಲಿ. ಅದು ಮೇಲೆಯೇ ಇರಬೇಕಾದ್ದು. ಮೇಲೆ ಧೂಳು ಎಂದು ಸಾಹೇಬರು ಅದನ್ನೂ ಕೆಳಗೆ ತಂದಿಟ್ಟಿದ್ದರು. ಬೀಗದ ಕೈ ಅವರ ಪ್ಯಾಂಟಿನ ಜೇಬಿನಲ್ಲಿ.

ನಾವು ಹಾಕಿಕೊಳ್ಳುತ್ತಿದ್ದ ಹಳೆ ಬೆಲ್ಟುಗಳ ಹೊಲಿಗೆ ನಾರುನಾರಾಗಿತ್ತು. ಹೊಸದು ಕೊಡಿ ಎಂದರೆ, "ಅವು ಹೊಲಸಾದರೆ ಆಡಿಟ್ ಬಂದಾಗ ಏನು ತೋರಿಸಲಿ?" ಎನ್ನುತ್ತಿದ್ದರು.

ಜೋಡಿದಾರ ಹೇಳಿದ, "ನಮ್ಮವ್ವನ ಮದವಿ ಸೀರಿನೂ ಹಿಂಗ ಟ್ರಂಕಿನ್ಯಾಗ ಇತ್ತೋ ದೋಸ್ತ. ಆದ್ರ ಸೀರಿ ಇಲ್ಲಂತ ನಮ್ಮವ್ವ ಎಂದೂ ಸತ್ತಿಲ್ಲ."

ಆಡಿಟ್ ಬಂತು. ಅವತ್ತು ಬೆಳಿಗ್ಗೆ ಬೆಲ್ಟುಗಳು ಹೊರಗೆ ಬಂದವು. ಏಳೂ ಮಂದಿ ಮದುಮಕ್ಕಳಂತೆ ಸಾಲಾಗಿ ನಿಂತೆವು. ಬಕಲುಗಳ ಪ್ಲಾಸ್ಟಿಕ್ಕು ಕೂಡ ತೆಗೆದಿರಲಿಲ್ಲ, ನಡೆದರೆ ಚರಚರ ಎನ್ನುತ್ತಿತ್ತು. ಬೆಲ್ಟನ್ನು ಎಷ್ಟು ದಿನದಿಂದ ಬಳಸುತ್ತಿದ್ದೀರಿ ಎಂದು ಆಡಿಟ್ಟಿನವರು ಜೋಡಿದಾರನನ್ನು ಕೇಳಿದರು. ಸಾಹೇಬರು ಅವನ ಹಿಂದೆಯೇ ನಿಂತಿದ್ದರು. "ಎರಡ ವರ್ಷ ಆತ್ರಿ, ದಿನಾ" ಅಂದ. ಅವರು ಬೆಲ್ಟನ್ನು ತಿರುಗಿಸಿ ನೋಡಿ, ಚರಚರ ಕೇಳಿ, ತಲೆಯಾಡಿಸಿ ಬರೆದುಕೊಂಡರು. ಸಂಜೆಯ ಹೊತ್ತಿಗೆ ಬೆಲ್ಟುಗಳು ಮತ್ತೆ ಕಪಾಟು ಸೇರಿದವು.

ವರದಿ ಬಂತು. "ಬೆಲ್ಟುಗಳ ನಿರ್ವಹಣೆ ಅತ್ಯುತ್ತಮ, ಎರಡು ವರ್ಷದ ಬಳಕೆಯ ನಂತರವೂ ಹೊಸದರಂತೆ ಇವೆ."

ಅತಿಯಾದ ಭಕ್ತಿ

ಇದರಲ್ಲಿ ತಪ್ಪು ನನ್ನದು. ಹೇಳದೆ ಬಿಟ್ಟರೆ ಸಾಹೇಬರಿಗೂ ನನಗೂ ಫರಕು ಉಳಿಯುವುದಿಲ್ಲ.

ಫ್ಯಾನಿನ ಕಂಬದೊಳಗೆ ಏಣಿಯಿದೆ. ಏಣಿಯ ಪಕ್ಕಕ್ಕೆ ಮೇಲಿನಿಂದ ಕೆಳಗಿನವರೆಗೆ ಒಂದು ಉಕ್ಕಿನ ತಂತಿ. ಬೆಲ್ಟಿನ ಎದೆಯಲ್ಲಿರುವ ಗ್ರಿಪ್ಪನ್ನು ಆ ತಂತಿಗೆ ಹಾಕಿಕೊಂಡು ಹತ್ತುತ್ತೇವೆ. ಕಾಲು ಜಾರಿದರೆ ಅದು ತಂತಿಯನ್ನು ಗಕ್ಕನೆ ಕಚ್ಚಬೇಕು. ಕಚ್ಚುವುದು ಬಿಟ್ಟರೆ ಅದಕ್ಕೆ ಬೇರೆ ಕೆಲಸವೇ ಇಲ್ಲ.

ಖಂಡೇಪೂಜೆ ಬಂತು. ನಮ್ಮಲ್ಲಿ ಕುಡುಗೋಲಿನಿಂದ ಟ್ರ್ಯಾಕ್ಟರಿನವರೆಗೆ ಎಲ್ಲವನ್ನೂ ತೊಳೆದು, ಎಣ್ಣೆ ಹಚ್ಚಿ, ಕುಂಕುಮ ಇಟ್ಟು ಪೂಜೆ ಮಾಡುತ್ತೇವೆ. ನಾನು ಪಾನಾ, ಸುತ್ತಿಗೆಗಳ ಜೊತೆ ನಮ್ಮ ಗ್ರಿಪ್ಪುಗಳನ್ನೂ ಸಾಲಾಗಿ ಇಟ್ಟೆ. ನಮ್ಮ ಜೀವ ಕಾಯುವ ವಸ್ತುವಲ್ಲವೇ ಎಂದು ಅವಕ್ಕೆ ಒಂದು ಕೈ ಹೆಚ್ಚೇ ಎಣ್ಣೆ ಉಣಿಸಿದೆ. ಜೋಡಿದಾರ ಇಳಕಲ್ಲಿನಿಂದ ಲಿಂಬೆಹಣ್ಣು ತಂದಿದ್ದ.

ಮರುದಿನ ಅವನು ಮುಂದೆ ಹತ್ತಿದ, ನಾನು ಕೆಳಗೆ ನಿಂತಿದ್ದೆ. ಮೂರು ಆಳೆತ್ತರ ಹೋದವನ ಕಾಲು ಜಾರಿತು. ಗ್ರಿಪ್ಪು ಕಚ್ಚಲಿಲ್ಲ, ಎಣ್ಣೆಯ ಮೇಲೆ ಸೊಗಸಾಗಿ ಜಾರಿತು. ಎರಡು ಆಳು ಕೆಳಗೆ ಬಂದ ಮೇಲೆ ಹೇಗೋ ಕಚ್ಚಿತು. ಅವನು ಬೆಲ್ಟಿನಲ್ಲಿ ಜೋತಾಡಿ ನಿಂತ. ಅವನ ಬೂಟು ನನ್ನ ಹೆಲ್ಮೆಟ್ಟಿಗೆ ತಾಗುತ್ತಿತ್ತು.

ಕೆಳಗಿಳಿದು ಅವನು ಗ್ರಿಪ್ಪಿನ ಎಣ್ಣೆಯನ್ನು ಅಂಗಿಗೆ ಒರೆಸಿದ. ನನಗೆ ಅಳು ಬಂತು. ಆಮೇಲೆ ಅವನೇ, "ಎಣ್ಣಿ ಹಚ್ಚಿದಾವ ನೀ, ಲಿಂಬಿಹಣ್ಣ ತಂದಾವ ನಾ. ಪಾಪ ಇಬ್ಬರಿಗೂ ಅರ್ಧ ಅರ್ಧ, ಏಳಲೇ" ಅಂದ.

ಬಿದ್ದವನನ್ನು ಒಮ್ಮೆ ಹಿಡಿದ ಬೆಲ್ಟನ್ನು ಮತ್ತೆ ಬಳಸಬಾರದು, ಕತ್ತರಿಸಿ ಒಗೆಯಬೇಕು. ಬೆಲ್ಟಿನ ಚೀಟಿಯ ಮೇಲೆಯೇ ಹಾಗೆ ಬರೆದಿದೆ. ಅವನ ಬೆಲ್ಟಿನ ಎದೆಯ ಕೊಂಡಿ ಬಾಗಿತ್ತು, ಹೊಲಿಗೆ ಬೆರಳಗಲ ಬಿಟ್ಟಿತ್ತು. ತೆಗೆದುಕೊಂಡು ಹೋಗಿ ಸಾಹೇಬರ ಮೇಜಿನ ಮೇಲೆ ಹಾಕಿ, ಇವನಿಗೆ ಕಪಾಟಿನಿಂದ ಒಂದು ಕೊಡಲೇಬೇಕು ಎಂದೆ. ಅವರು ಕನ್ನಡಕ ಏರಿಸಿ ನೋಡಿದರು.

"ಹಿಡಿದಿದೆಯಲ್ಲ? ಅಂದರೆ ಚೆನ್ನಾಗಿದೆ ಅಂತಲೇ ಅರ್ಥ. ಹಿಡಿಯುತ್ತೋ ಇಲ್ಲವೋ ಗೊತ್ತಿಲ್ಲದ ಹೊಸದಕ್ಕಿಂತ ಇದೇ ವಾಸಿ" ಎಂದರು.

ಅಂಥ ಮಾತಿಗೆ ಉತ್ತರ ನನ್ನ ಬಾಯಲ್ಲಿತ್ತು, ಬರೆಯುವಂಥದ್ದಲ್ಲ. ಜೋಡಿದಾರ ಕೊಂಡಿಗೆ ಬೈಂಡಿಂಗ್ ತಂತಿ ಸುತ್ತಿಕೊಂಡು ಮತ್ತೆ ಹತ್ತತೊಡಗಿದ. ದಿನಾ ನಾನು ಅವನಿಗಿಂತ ಕೆಳಗೆ ನಿಂತು ಕೊಂಡಿಗೆ ಸುತ್ತಿದ ಆ ತಂತಿಯನ್ನೇ ನೆನೆಯುತ್ತಿದ್ದೆ. ಮನೆಗೆ ಹೋದರೂ ಅದೇ ಕಣ್ಣ ಮುಂದೆ. ಘಟನೆಯ ಬಗ್ಗೆ ಮೇಲಿನ ಆಫೀಸಿಗೆ ಫಾರಂ ಮಾತ್ರ ಸಾಹೇಬರೇ ಶ್ರದ್ಧೆಯಿಂದ ತುಂಬಿದರು.

ಕಾರಣ ಎಂಬ ಕಾಲಮ್ಮಿನಲ್ಲಿ "ಅತಿಯಾದ ಭಕ್ತಿ" ಎಂದು ಬರೆದಿದ್ದರು.

ಸುಣ್ಣದ ಗೆರೆ

ಕೊನೆಯ ಫ್ಯಾನಿನ ಬುಡಕ್ಕೆ ಹತ್ತಿಕೊಂಡು ಒಬ್ಬ ಮುದುಕಿಯ ಶೇಂಗಾ ಹೊಲ, ನಮಗೆಲ್ಲ ಅವಳು ಆಯಿ. ಸುತ್ತ ಗಿಡವಿಲ್ಲ, ನೆರಳೆಂದರೆ ಕಂಬದ್ದೇ. ಆಯಿ ಬುತ್ತಿಗಂಟು ಇಟ್ಟುಕೊಂಡು ಅಲ್ಲೇ ಕೂತು, ನೆರಳು ಸರಿದಂತೆ ತಾನೂ ಸರಿಯುತ್ತಿದ್ದಳು. ಕೂಡಲಸಂಗಮಕ್ಕೆ ಹೋಗುವ ಗಾಡಿಯವರೂ ಇಳಿದು ಬಂದು ಫೋಟೋ ತೆಗೆದುಕೊಳ್ಳುವುದು ಅಲ್ಲೇ. ಕಂಬದ ತುದಿಯಲ್ಲಿ ಯಂತ್ರವಿರುವ ಡಬ್ಬಿಯ ಮುಚ್ಚಳದ ಚಿಲಕ ಮುರಿದಿದೆ, ಗಾಳಿಗೆ ಹಾರೀತು ಎಂದು ನಾನು ಎರಡು ಸಲ ಬರೆದು ಕೊಟ್ಟಿದ್ದೆ. ಸಾಹೇಬರು ಚಿಲಕ ಹಾಕಿಸಲಿಲ್ಲ. ಕಂಬದ ಸುತ್ತ ಸುಣ್ಣದಿಂದ ಒಂದು ಗೆರೆ ಎಳೆಸಿ, "ಗೆರೆ ದಾಟಿದರೆ ಜವಾಬ್ದಾರಿ ನಿಮ್ಮದೇ" ಎಂದು ಬೋರ್ಡು ನಿಲ್ಲಿಸಿದರು.

ಆಷಾಢದ ಗಾಳಿ ಎದ್ದಿತು. ಬಾಗಿಲಿನಷ್ಟು ದೊಡ್ಡ ಮುಚ್ಚಳ ಕಿತ್ತು ಹಾರಿಬಂದು, ಗೆರೆಯಿಂದ ಹತ್ತು ಮಾರು ಆಚೆ, ಕಳೆ ಕೀಳುತ್ತಿದ್ದ ಆಯಿಯ ಮಗ್ಗುಲಲ್ಲೇ ಬಿತ್ತು. ಅವಳ ಸೆರಗಿನ ತುದಿ ಅದರಡಿ ಸಿಕ್ಕಿತು. ನಾನು ಓಡಿದೆ. ಸಾಹೇಬರೂ ಜೀಪಿನಲ್ಲಿ ಬಂದು ಸೆರಗು, ಮುಚ್ಚಳ, ಗೆರೆ ಮೂರನ್ನೂ ನೋಡಿದರು. "ಗೆರೆ ಚಿಕ್ಕದಾಯ್ತು. ಅಳಿಸಿ ದೊಡ್ಡದಾಗಿ ಎಳೀರಿ" ಎಂದರು. ಜೀಪಿನಲ್ಲಿದ್ದ ಸುಣ್ಣದ ಬುಟ್ಟಿ ನನ್ನ ಕೈಗೆ ಬಂತು. ಅವರ ತಲೆಯ ಮೇಲೆ ಸುರಿಯಲಿಲ್ಲ ಎಂಬುದು ಇವತ್ತಿಗೂ ನನಗೆ ಕೆಡುಕೆನಿಸುತ್ತದೆ.

ಆಯಿ ಸೆರಗು ಎಳೆದುಕೊಂಡು ಕೇಳಿದಳು, "ಬೀಳೂದಕ್ಕ ಗೆರಿ ಕಾಣತೈತೇನಪಾ?"

ಲಿಖಿತ ಪರವಾನಗಿ

ಸುರಕ್ಷತಾ ಸಪ್ತಾಹ ಬಂತು. ಪ್ರತಿ ಸೈಟಿನ ಇನ್‌ಚಾರ್ಜ್ ತಾನೇ ಮೇಲೆ ಹತ್ತಿ ಫೋಟೋ ಕಳಿಸಬೇಕೆಂದು ಮೇಲಿನಿಂದ ಹುಕುಂ ಆಯಿತು. ಸಾಹೇಬರು ಕಪಾಟು ತೆರೆದರು, ಒಂದು ಹೊಸ ಬೆಲ್ಟು ತೊಟ್ಟರು, ಬೀಗ ಹಾಕಿದರು, ಬೀಗದ ಕೈಯನ್ನು ಜೇಬಿಗಿಳಿಸಿದರು. ಜೊತೆಗೆ ಹೋಗಲು ಜೋಡಿದಾರನನ್ನೇ ಆರಿಸಿದರು. ಅವನ ಎದೆಯ ಮೇಲೆ ಅದೇ ಬೈಂಡಿಂಗ್ ತಂತಿ. ನಾವು ಆರು ಮಂದಿ ಕೆಳಗೆ ನಿಂತೆವು. ಆಯಿ ಹೊಸ ಗೆರೆಯ ಆಚೆ ಬುತ್ತಿ ಬಿಚ್ಚಿದ್ದಳು.

ಕೂತು ಎದ್ದು ಸಾಹೇಬರು ಹೇಗೋ ಡಬ್ಬಿ ಮುಟ್ಟಿದರು. ಫೋಟೋ ಆಯಿತು. ಇಳಿಯುವಾಗ ಏಣಿಯ ಬಾಯಿಂದ ಕೆಳಗೆ ಇಣುಕಿದರು, ಅಷ್ಟೇ. ಜಪ್ಪಯ್ಯ ಅಂದರೂ ಇಳಿಯಲಾರೆ ಎಂದು ಡಬ್ಬಿಯ ನೆಲಕ್ಕೆ ಕೂತರು. ವಾಕಿಟಾಕಿಯಲ್ಲಿ ಜೋಡಿದಾರ, "ಕಿಟ್ಟ ಬೇಕಾಗೇತೋ" ಅಂದ. ಕಿಟ್ಟು ಕೆಳಗೆ ಆಫೀಸಿನ ಕಪಾಟಿನಲ್ಲಿ, ಬೀಗದ ಕೈ ಮೇಲೆ ಸಾಹೇಬರ ಜೇಬಿನಲ್ಲಿ. ಸಾಮಾನಿನ ಚೀಲಕ್ಕೆ ಹಗ್ಗ ಕಟ್ಟಿ ಬೀಗದ ಕೈಯನ್ನು ಎಂಬತ್ತು ಮೀಟರ್ ಇಳಿಸಿದರು.

ಜೀಪಿನಲ್ಲಿ ಹೋಗಿ ಕಪಾಟು ತೆರೆದೆ. ಕಿಟ್ಟಿನ ಮೇಲೆ ಸಾಹೇಬರ ಕೈಬರಹದ ಚೀಟಿ, "ನನ್ನ ಲಿಖಿತ ಪರವಾನಗಿ ಇಲ್ಲದೆ ಸೀಲು ಒಡೆಯತಕ್ಕದ್ದಲ್ಲ." ಪಕ್ಕದಲ್ಲಿ ಏಳು ಬೆಲ್ಟು, ಚರಚರ. ಅಷ್ಟು ದಿನದ ಸಿಟ್ಟು ಅಲ್ಲಿ ನನ್ನ ಕೈಗಿಳಿಯಿತು. ಎಲ್ಲವನ್ನೂ ಜೀಪಿಗೆ ಹಾಕಿದೆ. ಪರವಾನಗಿಯ ಫಾರಂ ಒಂದನ್ನು ಪುಸ್ತಕದಿಂದ ಹರಿದುಕೊಂಡು ತುಂಬಿದೆ.

ಮೇಲೆ ಅವರಿಗೆ ಅಪಾಯವೇನೂ ಇರಲಿಲ್ಲ, ಗಟ್ಟಿ ನೆಲದ ಮೇಲೆ ಕೂತು ನೀರು ಕುಡಿಯುತ್ತಿದ್ದರು. ಹಾಗಾಗಿ ಮೊದಲು ಫಾರಂ ಮತ್ತು ಪೆನ್ನು ಕಳಿಸಿದೆ.

"ಇದೇನ್ರೀ ಫಾರಂ? ಕಿಟ್ ಕಳಿಸಿ ಮೊದಲು" ಎಂದು ವಾಕಿಟಾಕಿ ನಡುಗಿತು.

"ಸೀಲ್ ಐತ್ರಿ ಸರ್. ನೀವ ಬರದೀರಿ."

ಓದದೆ ಸಹಿ ಹಾಕಿದರು. ಚೀಲ ಕೆಳಗೆ ಬಂತು. ಮರಳಿ ಮೇಲೆ ಹೋದಾಗ ಅದರಲ್ಲಿ ಕಿಟ್ಟಿನ ಜೊತೆ ಒಂದು ಹೊಸ ಬೆಲ್ಟೂ ಇತ್ತು. ಜೋಡಿದಾರ ಹಳೆಯದನ್ನು ಬಿಚ್ಚುವಾಗ ಸಾಹೇಬರು ಆ ಬೈಂಡಿಂಗ್ ತಂತಿಯನ್ನು ಮೊದಲ ಸಲ ಹತ್ತಿರದಿಂದ ಕಂಡರಂತೆ. "ಇದನ್ನು ಹಾಕಿಕೊಂಡು ನನ್ನ ಜೊತೆ ಹತ್ತಿದೆಯಾ? ನೀನು ನನ್ನ ಮೇಲೆ ಬಿದ್ದಿದ್ದರೆ?" ಎಂದು ಕೇಳಿದರಂತೆ.

ಸಾಹೇಬರು ಹಗ್ಗದ ಮೇಲೆ ಕಣ್ಣು ಮುಚ್ಚಿಕೊಂಡು ತೊಟ್ಟಿಲ ಕೂಸಿನಂತೆ ಇಳಿದರು. ನೆಲ ಮುಟ್ಟಿ, ಸುಣ್ಣದ ಗೆರೆಯ ನಟ್ಟನಡುವೆ ಕಾಲು ಚಾಚಿ ಕೂತರು. ಆಯಿ ಆಚೆಯಿಂದ ರೊಟ್ಟಿ ಮುರಿಯುತ್ತ, "ಸಾಹೇಬ, ಗೆರಿ ಒಳಗ ಕುಂದ್ರಬ್ಯಾಡಪಾ. ಏನರ ಬಿದ್ರ ಜವಾಬ್ದಾರಿ ನಿಂದ" ಅಂದಳು.

ಅವರು ಕಣ್ಣು ಬಿಟ್ಟರೆ ಎದುರಿಗೆ ಆರು ಮಂದಿ ಹೊಸ ಬೆಲ್ಟಿನಲ್ಲಿ ನಿಂತಿದ್ದೆವು. ಏಳನೆಯವನು ಏಣಿಯಿಂದ ಇಳಿದು ಬಂದ.

"ಯಾರ ಅನುಮತಿ?" ಎಂದರು.

ಫಾರಂ ಅವರ ಮುಂದೆ ಹಿಡಿದೆ. ಕಿಟ್ಟು ಒಂದು, ಹೊಸ ಬೆಲ್ಟು ಏಳು, ದಿನನಿತ್ಯದ ಬಳಕೆಗೆ. ಕೆಳಗೆ ಅವರದೇ ಸಹಿ, ಸ್ವಲ್ಪ ಅಂಕುಡೊಂಕಾಗಿತ್ತು.

ಜೋಡಿದಾರನ ಹಳೆ ಬೆಲ್ಟನ್ನು ಇಸಿದುಕೊಂಡು ಚಾಕು ತೆಗೆದೆ. ಆಯಿ ಎದ್ದು ಬಂದಳು. "ಕತ್ತರಸಬ್ಯಾಡೋ ತಮ್ಮಾ, ನನಗ ಕೊಡು. ಗಟ್ಟಿ ಪಟ್ಟಿ ಐತಿ, ಎಮ್ಮಿ ಕಟ್ಟಾಕ ಬರತೈತಿ."

ಜೋಡಿದಾರ ನನ್ನ ಕೈಯಿಂದ ಚಾಕು ತೆಗೆದುಕೊಂಡು ತಾನೇ ಕೊಯ್ಯತೊಡಗಿದ.

"ಬ್ಯಾಡ ಆಯಿ," ಅಂದ, "ಎಮ್ಮಿ ಜೀವಕ್ಕ ಕಿಮ್ಮತ್ತ ಐತಿ."